ಜೋಡಿ ಹಳಿಯ ಅಳತೆ

ನಿಮ್ಮ ಕೆಲಸ ಏನು ಅಂತ ರೈಲಿನಲ್ಲಿ ಯಾರಾದರೂ ಕೇಳಿದರೆ ಆ ವರ್ಷ ನಾನು ಕೊಡುತ್ತಿದ್ದ ಉತ್ತರ ಒಂದೇ: ಯಾವ ದೇಶದಲ್ಲಿ ಎಷ್ಟು ಉದ್ದದ ರೈಲು ಹಳಿ ಇದೆ ಅಂತ ನೋಡಿ ಬರೆಯುವುದು. ಕೇಳಿದವರು ಒಂದು ಸಲ ನನ್ನ ಮುಖ ನೋಡಿ ತಮ್ಮ ಮೊಬೈಲಿಗೆ ತಲೆ ಬಗ್ಗಿಸುತ್ತಿದ್ದರು. ನನಗೂ ಅದೇ ಬೇಕಾಗಿತ್ತು. ಸೋಮವಾರ ಬೆಳಗಿನ ಗಾಡಿಯಲ್ಲಿ ಆಲುವದಿಂದ ತಿರುವನಂತಪುರಕ್ಕೆ ಹೋಗುವವಳಿಗೆ ಮಾತಿಗಿಂತ ನಿದ್ದೆ ಮುಖ್ಯ.

ಹೇಳಿದ್ದು ಸುಳ್ಳೇನಲ್ಲ. ತಿರುವನಂತಪುರದ ಐಟಿ ಪಾರ್ಕಿನಲ್ಲಿ ಶಾಲೆಗಳಿಗೆ ಪಾಠ ತಯಾರಿಸುವ ಕಂಪನಿಯೊಂದರಲ್ಲಿ ನನ್ನ ನೌಕರಿ. ಚಿತ್ರ, ನಕ್ಷೆ, ಪ್ರಶ್ನೆ ಎಲ್ಲ ಸೇರಿಸಿ ಪರದೆಯ ಮೇಲೆ ತೋರಿಸುವಂಥ ಪಾಠಗಳು. ನಾನು ಸಮಾಜ ವಿಜ್ಞಾನದವಳು. ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೂ ನಾನೇ ತರಬೇಕು. ಮಲಯಾಳ, ತಮಿಳು, ತೆಲುಗಿಗೆ ಉಳಿದವರು ಮಾಡಿಕೊಳ್ಳುತ್ತಿದ್ದರು. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲೇ ಹಾಸ್ಟೆಲು, ಶುಕ್ರವಾರ ಸಂಜೆಯ ಗಾಡಿಗೆ ವಾಪಸು. ಮನೆ ಇದ್ದದ್ದು ಕೊಚ್ಚಿಯ ಅಂಚಿನಲ್ಲಿ, ಆಲುವದ ಪಕ್ಕದ ಕಳಮಶ್ಶೇರಿಯಲ್ಲಿ. ಗಂಡ ಕಾಸರಗೋಡಿನವರು, ಕಳಮಶ್ಶೇರಿಯದೇ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸ. ಮನೆಯಲ್ಲಿ ಅವರು, ಆರನೇ ಕ್ಲಾಸಿನ ಮಗಳು, ಮತ್ತೆ ಅಮ್ಮ ಹೋದ ಮೇಲೆ ರಾಯಚೂರಿನಿಂದ ನಮ್ಮ ಜೊತೆಗೆ ಬಂದಿದ್ದ ನನ್ನ ಅಪ್ಪ.

ಕಂಪನಿ ಕೊಚ್ಚಿಯಲ್ಲೊಂದು ಸಣ್ಣ ಆಫೀಸು ತೆರೆಯುತ್ತದೆ ಎಂಬ ಸುದ್ದಿ ಏಪ್ರಿಲ್‌ನಲ್ಲಿ ಬಂತು. ಜಾಗ ವೈಟ್ಟಿಲದ ಹತ್ತಿರ. ನಮ್ಮ ಮನೆಯಿಂದ ಮೆಟ್ರೋ ಹತ್ತಿದರೆ ಸಾಕು. ಸಮಾಜ ವಿಜ್ಞಾನಕ್ಕೆ ಅಲ್ಲಿ ಒಂದೇ ಕುರ್ಚಿ, ಯಾರಿಗೆ ಅನ್ನುವುದು ಓಣಂ ಹಬ್ಬದ ಒಳಗೆ ತೀರ್ಮಾನ. ಆ ಕುರ್ಚಿ ನನಗೆ ಬೇಕಿತ್ತು. ಹಾಸ್ಟೆಲ್ ಊಟಕ್ಕೆ ನಾಲಿಗೆ ಸತ್ತುಹೋಗಿದೆ ಅನ್ನುವುದು ನಾನು ಮಂದಿಗೆ ಹೇಳುತ್ತಿದ್ದ ಕಾರಣ. ನಿಜವಾದ ಕಾರಣ ಮಗಳು. ಮೂರು ವರ್ಷದಿಂದ ಅವಳ ಜ್ವರ, ಜಗಳ, ಪರೀಕ್ಷೆ ಎಲ್ಲ ನನಗೆ ಫೋನಿನಲ್ಲೇ. ಅವಳ ಹಲ್ಲು ಬಿದ್ದದ್ದನ್ನೂ ವಿಡಿಯೋದಲ್ಲಿ ನೋಡಿದ್ದೆ. ಆಗದ ಹೋಗದ ಆಸೆ ಹುಟ್ಟಿಸುವ ಜಾತಿ ನನ್ನದಲ್ಲ, ಆದರೂ ಒಂದು ದಿನ ಬಾಯಿ ತಪ್ಪಿ ಹೇಳಿಬಿಟ್ಟೆ: ಓಣಂ ಹೊತ್ತಿಗೆ ಅಮ್ಮ ದಿನಾ ಸಂಜೆ ಮನೆಗೆ ಬರ್ತಾಳೆ. ಅವಳು ಅದನ್ನು ಹೋಗಿ ಪುಸ್ತಕಕ್ಕೆ ಹತ್ತಿಸಿದಳು.

ಆ ಪುಸ್ತಕದ ಕತೆ ಹೇಳಬೇಕು. ಅಪ್ಪ ರೈಲ್ವೆಯಲ್ಲಿ ಕೀಮನ್ ಆಗಿದ್ದವನು. ಹಳಿಯನ್ನು ಅದರಡಿಯ ಸ್ಲೀಪರ್ ತೊಲೆಗೆ ಹಿಡಿದಿಟ್ಟ ಕೀಲಿಗಳು ಸಡಿಲಾಗಿವೆಯೇ ಅಂತ ನೋಡುತ್ತ, ಸಡಿಲಾದದ್ದನ್ನು ಸುತ್ತಿಗೆಯಿಂದ ಬಡಿದು ಕೂಡಿಸುತ್ತ ತನ್ನ ಪಾಲಿನ ದಾರಿಯನ್ನು ದಿನಾ ನಡೆಯುವುದು ಕೀಮನ್ನನ ಕೆಲಸ. ಆ ಪಾಲಿಗೆ ಬೀಟು ಅನ್ನುತ್ತಾರೆ. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಸುತ್ತಿಟ್ಟ ಕೆಂಪು ಹಸಿರು ಬಾವುಟ. ಎಷ್ಟು ಹೊತ್ತಿಗೆ ಹೊರಟೆ, ಎಷ್ಟು ಹೊತ್ತಿಗೆ ಬಂದೆ, ನಡುವೆ ಏನು ಕಂಡೆ ಅನ್ನುವುದನ್ನು ದಿನದ ಕೊನೆಗೆ ಡೈರಿಯಲ್ಲಿ ಬರೆಯಬೇಕು. ರಿಟೈರಾದರೂ ಅಪ್ಪನಿಗೆ ಈ ಚಟ ಬಿಡಲಿಲ್ಲ. ಸಂಜೆ ಕಳಮಶ್ಶೇರಿಯ ಮೇಲ್ಸೇತುವೆಯ ಮೇಲೆ ನಿಂತು ಕೆಳಗಿನ ಹಳಿ ನೋಡಿ ಬಂದು, ಇವತ್ತು ಜಲ್ಲಿ ಸರಿಯಾಗಿ ಹಾಕಿಲ್ಲ ಅಂತ ನನ್ನ ಗಂಡನಿಗೆ ವರದಿ ಒಪ್ಪಿಸುತ್ತಿದ್ದ. ಅವರು ಏನೋ ತಮ್ಮದೇ ತಪ್ಪು ಅನ್ನುವ ಹಾಗೆ ತಲೆ ಆಡಿಸುತ್ತಿದ್ದರು.

ಮೊಮ್ಮಗಳಿಗೂ ಅಪ್ಪ ಒಂದು ಡೈರಿ ಮಾಡಿಸಿದ್ದ. ಸಾಧಾರಣ ಇನ್ನೂರು ಪುಟದ ನೋಟ್‌ಬುಕ್ಕು. ಪ್ರತಿ ವಾರಕ್ಕೆ ಎರಡು ಗೆರೆ. ಒಂದು ಗೆರೆಯ ಮೇಲೆ ಅಮ್ಮ ಹೊರಟ ಹೊತ್ತು, ಇನ್ನೊಂದರ ಮೇಲೆ ಅಮ್ಮ ಬಂದ ಹೊತ್ತು. ರೈಲ್ವೆಯಲ್ಲಿ ಒಂದು ದಿಕ್ಕಿನ ಲೈನಿಗೆ ಅಪ್ ಅನ್ನುತ್ತಾರೆ, ಇನ್ನೊಂದಕ್ಕೆ ಡೌನ್. ಯಾವುದು ಅಪ್ ಅಂತ ಅವಳು ಕೇಳಿದ್ದಕ್ಕೆ ಅಪ್ಪ ಹೇಳಿದ್ದ: "ಮನಿನ ನಮ್ಮ ಹೆಡ್ ಆಫೀಸ. ಮನಿ ಕಡೆ ಬರೂದೆಲ್ಲ ಅಪ್, ಮನಿ ಬಿಟ್ಟು ಹೋಗೂದೆಲ್ಲ ಡೌನ್."

ಹಾಗಾಗಿ ನಾನು ಸೋಮವಾರ ಡೌನ್, ಶುಕ್ರವಾರ ಅಪ್. ಮಗಳು ಬರೆಯುತ್ತಿದ್ದದ್ದು ಮಲಯಾಳದಲ್ಲಿ. ಅಪ್ಪನಿಗೆ ಅದರ ಒಂದಕ್ಷರ ಗೊತ್ತಿಲ್ಲ, ಆದರೂ ಇನ್‌ಸ್ಪೆಕ್ಟರನ ಗತ್ತಿನಲ್ಲಿ ಬೆರಳಿಟ್ಟು ನೋಡಿ ಕೆಳಗೆ ಕನ್ನಡದಲ್ಲಿ ಸಹಿ ಹಾಕುತ್ತಿದ್ದ. ಅವರಿಬ್ಬರ ಮಾತುಕತೆಯೂ ಹೀಗೇ. ಅವನು ರಾಯಚೂರಿನ ಕನ್ನಡದಲ್ಲಿ ಕೇಳುತ್ತಿದ್ದ, ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಅವಳ ಮಾತು ಅವನಿಗೆ ಎಷ್ಟು ತಿಳಿಯುತ್ತಿತ್ತೋ ದೇವರೇ ಬಲ್ಲ. ಜಗಳವಂತೂ ಆಗಿದ್ದು ನಾನು ನೋಡಲಿಲ್ಲ. ಓಣಂಗೆ ಅಮ್ಮ ಬಂದುಬಿಡುತ್ತಾಳೆ ಅಂತ ನಾನು ಹೇಳಿದ ದಿನ ಅವಳು ಓಣಂವರೆಗಿನ ವಾರಗಳಿಗೆ ಮಾತ್ರ ಗೆರೆ ಹಾಕಿ, ಅದರ ಮುಂದಿನ ಪುಟದ ತುಂಬ ಒಂದು ಹೂವಿನ ರಂಗೋಲಿ ಬಿಡಿಸಿ ಬಣ್ಣ ತುಂಬಿದಳು. ಅಲ್ಲಿಗೆ ಪುಸ್ತಕ ಮುಗಿಯಿತು ಅಂತ ಅವಳ ಲೆಕ್ಕ.

ಅದೇ ಹೊತ್ತಿಗೆ ಆಫೀಸಿನಲ್ಲಿ ನನ್ನ ಪಾಲಿಗೆ ಬಂದ ಪಾಠ ಜಗತ್ತಿನ ರೈಲು ಜಾಲಗಳದ್ದು. ಯಾವ ದೇಶದ್ದು ದೊಡ್ಡದು, ಯಾವುದು ಸಣ್ಣದು, ಒಂದು ಪಟ್ಟಿ ಮಾಡಿ ಮಕ್ಕಳಿಗೆ ತೋರಿಸಬೇಕು. ಒಂದು ದಿನದ ಕೆಲಸ ಅಂದುಕೊಂಡು ಕೂತೆ, ವಾರ ಹಿಡಿಯಿತು. ಐಸ್‌ಲ್ಯಾಂಡಿನಲ್ಲಿ ಜನ ಓಡಾಡುವ ರೈಲೇ ಇಲ್ಲ. ವ್ಯಾಟಿಕನ್ನಿಗೆ ಸ್ವಂತ ಸ್ಟೇಷನ್ ಇದೆ, ಹಳಿ ಒಂದು ಕಿಲೋಮೀಟರೂ ಇಲ್ಲ. ಅಪ್ಪನಿಗೆ ಅದು ಚಾ ಕುಡಿಯುವ ಮುಂಚೆ ಮುಗಿಸುವ ಕೆಲಸ. ಅಮೆರಿಕ ಎಲ್ಲರಿಗಿಂತ ಮುಂದೆ, ಆದರೆ ಅಲ್ಲಿ ಹೆಚ್ಚಾಗಿ ಓಡುವುದು ಗೂಡ್ಸು. ಚೀನಾದವರು ಹಳಿ ಹಾಕುವ ವೇಗಕ್ಕೆ ಹೋದ ವರ್ಷದ ಅಂಕಿ ಈ ವರ್ಷ ಹಳಸಿರುತ್ತದೆ. ಬೆಲ್ಜಿಯಂ, ಸ್ವಿಟ್ಜರ್ಲೆಂಡ್ ಪಟ್ಟಿಯಲ್ಲಿ ಎಲ್ಲೋ ಕೆಳಗೆ, ಆದರೆ ಅಲ್ಲಿ ಯಾವ ಊರಿನಿಂದ ಹೊರಟರೂ ಸ್ವಲ್ಪ ದೂರದಲ್ಲೇ ಹಳಿ ಸಿಗುತ್ತದೆ. ರಷ್ಯಾ ಪಟ್ಟಿಯಲ್ಲಿ ಮೇಲಿದ್ದರೂ ಅಲ್ಲಿ ಹಾಗಲ್ಲ. ಒಬ್ಬರು ಮುಚ್ಚಿದ ಹಳಿಯನ್ನೂ ಎಣಿಸಿದ್ದರೆ ಇನ್ನೊಬ್ಬರು ಓಡುವುದನ್ನು ಮಾತ್ರ ಎಣಿಸಿರುತ್ತಾರೆ. ದೊಡ್ಡದು ಯಾವುದು ಅಂತ ಕೇಳುವುದು ಸುಲಭ, ಯಾವ ಲೆಕ್ಕದಲ್ಲಿ ಅಂತ ಒಬ್ಬರೂ ಹೇಳುವುದಿಲ್ಲ ಅಂತ ನನಗೆ ಮೈ ಉರಿದಿತ್ತು. ಆಮೇಲೆ ನೋಡಿದರೆ ನಾನೂ ಅದನ್ನೇ ಮಾಡಿದ್ದೆ.

ನಮ್ಮ ದೇಶದ ವರದಿಯಲ್ಲಿ ಪಕ್ಕಪಕ್ಕಕ್ಕೆ ಎರಡು ಕಾಲಂ ಇದ್ದವು. ಒಂದು ದಾರಿಯ ಉದ್ದ, ಇನ್ನೊಂದು ಹಳಿಯ ಉದ್ದ. ಎರಡೂ ಒಂದೇ ಅಲ್ಲ. ಕೊಚ್ಚಿಯಿಂದ ಕೋಟ್ಟಯಂ ಮೇಲೆ ತಿರುವನಂತಪುರಕ್ಕೆ ಹೋಗುವ ದಾರಿಯಲ್ಲಿ ಜೋಡಿ ಹಳಿ ಇದೆ. ದಾರಿಯನ್ನು ಅಳೆಯುವವರು ಅದನ್ನು ಒಂದು ಸಲ ಅಳೆದು ಕೈ ತೊಳೆದುಕೊಳ್ಳುತ್ತಾರೆ. ಹಳಿಯನ್ನು ಅಳೆಯುವವರು ಹೋಗುವ ಲೈನನ್ನು ಒಂದು ಸಲ, ಬರುವ ಲೈನನ್ನು ಒಂದು ಸಲ, ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಿಸುವ ಲೈನುಗಳನ್ನು ಬೇರೆಯಾಗಿ ಅಳೆದು ಕೂಡಿಸುತ್ತಾರೆ. ನಾನು ಕಣ್ಣು ಮುಚ್ಚಿ ಹಳಿಯ ಕಾಲಂ ತೆಗೆದುಕೊಂಡೆ. ಬೇರೆ ಯಾರೇ ಆಗಿದ್ದರೂ ಒಂದು ನಿಮಿಷ ನಿಂತು ಯೋಚಿಸುತ್ತಿದ್ದರು. ನಾನು ಬೆಳೆದದ್ದು ಕೀಮನ್ನನ ಮನೆಯಲ್ಲಿ. ಅಪ್ಪನ ಬೀಟಿನಲ್ಲಿ ಜೋಡಿ ಹಳಿ; ಹೋಗುವಾಗ ಒಂದರ ಮೇಲೆ, ಬರುವಾಗ ಇನ್ನೊಂದರ ಮೇಲೆ. ಬೀಟು ಎಷ್ಟುದ್ದ ಅಂತ ಯಾರು ಕೇಳಿದರೂ ಎರಡೂ ಸೇರಿಸಿಯೇ ಹೇಳುತ್ತಿದ್ದ. ಅಮ್ಮ ಬುತ್ತಿಗೆ ರೊಟ್ಟಿ ಕಟ್ಟುತ್ತಿದ್ದದ್ದೂ ಎರಡೂ ಲೈನಿನ ಹಸಿವೆಗೆ. ರೈಲಿನ ಉದ್ದಕ್ಕೆ ಇನ್ನೊಂದು ಅಳತೆ ಇರಬಹುದು ಅಂತ ನನ್ನ ತಲೆಗೇ ಹೊಳೆಯಲಿಲ್ಲ.

ಹೀಗೆ ನನ್ನ ಪಟ್ಟಿಯಲ್ಲಿ ಭಾರತ ರಷ್ಯಾವನ್ನು ದಾಟಿ ಮೂರನೇ ಸ್ಥಾನಕ್ಕೆ ಬಂತು. ಪಕ್ಕದ ಕುರ್ಚಿಯಲ್ಲಿ ನನಗಿಂತ ಹಿರಿಯರಾದ ಒಬ್ಬ ಹೆಂಗಸು ಇದ್ದರು, ಅವರೂ ಸಮಾಜ ವಿಜ್ಞಾನದವರೇ, ಕೊಚ್ಚಿ ಪಕ್ಕದ ತೃಪ್ಪೂಣಿತ್ತುರದ ಕಡೆಯವರು; ಅವರನ್ನು ನಾವೆಲ್ಲ ಚೇಚಿ ಅನ್ನುತ್ತಿದ್ದೆವು. ಅಕ್ಕ ಅಂದ ಹಾಗೆ. ನಾವು ಓದುವಾಗ ಭಾರತ ನಾಲ್ಕನೇದಿತ್ತಲ್ಲ ಅಂತ ಅವರು ಮೆಲ್ಲಗೆ ಕೇಳಿದರು. ಹಳೇ ಪಾಠ ಹಿಡಿದುಕೊಂಡು ಬರಬೇಡಿ ಚೇಚಿ ಅಂತ ನಾನು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವರು ತಮ್ಮ ಪರದೆಯ ಕಡೆ ತಿರುಗಿದರು. ನಮ್ಮ ಮೇಲಿನ ಮೇಡಂಗೆ ಮಾತ್ರ ಮೂರನೇ ಸ್ಥಾನ ಬಹಳ ಹಿಡಿಸಿತು. ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿ, ಒತ್ತಿದರೆ ರೈಲು ಕೂಗುವ ಹಾಗೆ ಮಾಡಿಸಿದರು. ಪಾಠ ನಾಲ್ಕು ಭಾಷೆಯಲ್ಲಿ ಶಾಲೆಗಳಿಗೆ ಹೋಯಿತು. ಜುಲೈಯಲ್ಲಿ ಮೇಡಂ ನನ್ನನ್ನು ಕರೆದು, ಕೊಚ್ಚಿಯ ಕುರ್ಚಿ ಬಹುತೇಕ ನಿನ್ನದೇ ಅಂದರು.

ಆ ಶುಕ್ರವಾರ ನಾನು ಮನೆಗೆ ಹೋದದ್ದು ಹಾರಿಕೊಂಡೇ. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಲ್ಯಾಪ್‌ಟಾಪ್ ತೆರೆದು ಅಪ್ಪನಿಗೆ ಪಾಠ ತೋರಿಸಿದೆ. ರೈಲು ಕೂಗಿತು. ಅಪ್ಪ ಮತ್ತೊಮ್ಮೆ ಒತ್ತಿಸಿ ಕೇಳಿದ. ಮೂರನೇದು ಅಂದರೆ ಕಡಿಮೆ ಏನಲ್ಲ ಬಿಡು ಅಂದ. ಅಳತೆ ಹೇಗೆ ಮಾಡಿದ್ದಾರೆ ಅಂತ ಅವನು ಕೇಳಿದ್ದಕ್ಕೆ, ಅಪ್ ಡೌನ್ ಎರಡೂ ಸೇರಿಸಿ, ನೀನು ನಡೆದದ್ದೆಲ್ಲ ಇದರಲ್ಲಿದೆ ಅಂದೆ. ಅವನ ಮುಖ ನೋಡಿ ನನಗೂ ಖುಷಿಯಾಯಿತು. ಮಗಳು ಮೀನಿನ ಮುಳ್ಳು ಬಿಡಿಸುತ್ತ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಮಲಯಾಳದಲ್ಲಿ ಕೇಳಿದಳು:

"ರಷ್ಯಾದ್ದು ಎಣಿಸುವಾಗಲೂ ಅಪ್ ಡೌನ್ ಎರಡೂ ಎಣಿಸಿದ್ದಾರಾ ಅಮ್ಮಾ?"

ಎಣಿಸಿರ್ತಾರೆ, ಊಟ ಮಾಡು ಅಂದೆ. ಎಣಿಸಿದ್ದಾರೋ ಇಲ್ಲವೋ ನಾನು ನೋಡಿಯೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಗಂಡ ಮಗಳನ್ನು ಕರೆದುಕೊಂಡು ಸಂತೆಗೆ ಹೋದ ಮೇಲೆ ಕೂತು ಒಂದೊಂದೇ ದೇಶದ ವರದಿ ತೆಗೆದೆ. ರಷ್ಯಾದ್ದು ದಾರಿಯ ಉದ್ದ. ಚೀನಾದ್ದು ದಾರಿಯ ಉದ್ದ. ಅಮೆರಿಕದ್ದೂ ಅದೇ. ಹೋಗುವ ಲೈನು ಬರುವ ಲೈನು ಎರಡನ್ನೂ ಎಣಿಸಿದ್ದು ಇಡೀ ಪಟ್ಟಿಯಲ್ಲಿ ನಾನೊಬ್ಬಳೇ, ಅದೂ ನಮ್ಮ ದೇಶಕ್ಕೆ ಮಾತ್ರ. ಒಂದೇ ಅಳತೆಗೆ ತಂದರೆ ಭಾರತ ನಾಲ್ಕನೇದು. ಚೇಚಿ ಹೇಳಿದ್ದೇ ಸರಿ.

ಆಗ ಏನೇನು ಅಂದುಕೊಂಡೆ ಅಂತ ಮುಚ್ಚಿಡುವುದಿಲ್ಲ. ಯಾರೂ ನೋಡಿಲ್ಲ, ಸುಮ್ಮನಿದ್ದುಬಿಡೋಣ ಅಂದುಕೊಂಡೆ. ಓಣಂ ಕಳೆಯಲಿ, ಕೊಚ್ಚಿಯ ಕುರ್ಚಿಯಲ್ಲಿ ಕೂತ ಮೇಲೆ ಸದ್ದಿಲ್ಲದೆ ತಿದ್ದಿದರಾಯಿತು ಅಂದುಕೊಂಡೆ. ಅಷ್ಟರೊಳಗೆ ಎಷ್ಟು ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ ಅಂತಲೂ ಅಂದುಕೊಂಡೆ. ಅಪ್ಪನ ಕೆಂಪು ಬಾವುಟ ಕಣ್ಣ ಮುಂದೆ ಬಂತು ಅಂತ ಇಲ್ಲಿ ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಹಾಗೇನೂ ಬರಲಿಲ್ಲ. ಕಣ್ಣ ಮುಂದೆ ಬಂದದ್ದು ಮಗಳು ಇದೇ ಪ್ರಶ್ನೆಯನ್ನು ಶಾಲೆಯಲ್ಲಿ ಕೇಳುವುದು, ಟೀಚರು ಉತ್ತರ ಗೊತ್ತಿಲ್ಲದೆ ಕೂರು ಅನ್ನುವುದು. ನಾನಂತೂ ಆಗಲೇ ಊಟ ಮಾಡು ಅಂದು ಅವಳ ಬಾಯಿ ಮುಚ್ಚಿಸಿದ್ದೆ.

ಸಂತೆಯಿಂದ ಬಂದವಳಿಗೆ ಹೇಳಿದೆ: ನೀನು ಕೇಳಿದ್ದು ಸರಿ, ಅಮ್ಮ ತಪ್ಪು ಮಾಡಿದ್ದಾಳೆ. ಅವಳು ಕುಣಿದಳು. ನಾನೇ ಕಂಡುಹಿಡಿದದ್ದು ಅಂತ ಅಜ್ಜನ ಹತ್ತಿರ ಹೇಳಿದಳು, ಪಕ್ಕದ ಮನೆಯಲ್ಲಿ ಹೇಳಿದಳು, ಮರುದಿನ ಕ್ಲಾಸಿನಲ್ಲೂ ಹೇಳಿದಳಂತೆ. ಅಪ್ಪನಿಗೆ ಮಾತ್ರ ಸಮಾಧಾನ ಆಗಲಿಲ್ಲ. ದಾರಿಯ ಲೆಕ್ಕ, ಹಳಿಯ ಲೆಕ್ಕ ಎರಡನ್ನೂ ನಾನು ವಿವರಿಸಿದ್ದನ್ನು ಪೂರ್ತಿ ಕೇಳಿ, "ಹಂಗಾದ್ರ ನನ್ನ ಅರ್ಧಾ ನಡಿಗಿ ಕಿತ್ತ ಒಗದ್ಯಲ್ಲ ಯವ್ವಾ" ಅಂದ. ಅಂದು ನಕ್ಕ. ನಾನು ನಗಲಿಲ್ಲ.

ಸೋಮವಾರ ಗಾಡಿ ಇಳಿದು ನೆಟ್ಟಗೆ ಮೇಡಂ ಹತ್ತಿರ ಹೋದೆ. ಯಾರಾದರೂ ದೂರು ಕೊಟ್ಟರಾ ಅಂತ ಅವರು ಮೊದಲು ಕೇಳಿದರು. ಇಲ್ಲ ಅಂದೆ. ಹಾಗಾದರೆ ಈ ವರ್ಷ ಹೀಗೇ ಇರಲಿ, ಮುಂದಿನ ವರ್ಷ ನೋಡೋಣ, ನಾಲ್ಕು ಭಾಷೆಯಲ್ಲಿ ತಿದ್ದಿ ಮತ್ತೆ ಕಳಿಸುವುದೆಂದರೆ ಸಣ್ಣ ಕೆಲಸವಲ್ಲ ಅಂದರು. ನನಗೆ ಸಿಟ್ಟು ಬಂತು. ಅವರ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು ಅಂತ ಈಗ ಹೇಳಲಾರೆ. ಒಬ್ಬರನ್ನು ಗಜದಲ್ಲಿ, ಇನ್ನೊಬ್ಬರನ್ನು ಮೊಳದಲ್ಲಿ ಅಳೆದು ಇವನು ಎತ್ತರ ಅಂತ ಮಕ್ಕಳಿಗೆ ಹೇಳಿಕೊಡುವುದಕ್ಕೆ ನನಗೆ ನಾಚಿಕೆಯಾಗುತ್ತದೆ ಅಂದುಬಿಟ್ಟೆ. ದನಿ ಸ್ವಲ್ಪ ಏರಿತ್ತು. ಗಾಜಿನ ಗೋಡೆಯ ಆಚೆ ಚೇಚಿ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದರು. ಹೊರಗೆ ಬಂದು, ನಾಲ್ಕನೇದು ನೀವು ಹೇಳಿದ್ದೇ ಸರಿ ಅಂತ ಅವರಿಗೂ ಹೇಳಿದೆ. ಅವರು ತಮ್ಮ ಡಬ್ಬಿಯಿಂದ ಒಂದು ಬಾಳೆಹಣ್ಣಿನ ಬಜ್ಜಿ ತೆಗೆದು ಕೊಟ್ಟರು. ಒಂದು ಮಾತು ಚುಚ್ಚಿದ್ದರೆ ನನಗೆ ಹಗುರ ಆಗುತ್ತಿತ್ತು.

ಕೊನೆಗೆ ಮೇಡಂ ಒಪ್ಪಬೇಕಾಯಿತು, ಪಾಠವನ್ನು ತಿದ್ದಿದೆವು. ಶಾಲೆಗಳಿಗೆ ತಪ್ಪೊಪ್ಪಿಗೆಯ ಒಂದು ಸಾಲೂ ಹೋಯಿತು, ಅದನ್ನು ಬರೆದವಳೂ ನಾನೇ. ರೈಲು ಕೂಗುವುದನ್ನು ತೆಗೆದುಹಾಕಿದರು. ನಾಲ್ಕನೇ ಸ್ಥಾನಕ್ಕೆ ಕೂಗು ಬೇಡವೆಂದು ಅನಿಸಿರಬೇಕು. ಓಣಂಗೆ ಒಂದು ವಾರ ಇರುವಾಗ, ಎಲ್ಲ ಬಾಗಿಲ ಮುಂದೆ ಹೂವಿನ ರಂಗೋಲಿ ಶುರುವಾದ ಹೊತ್ತಿಗೆ, ಮೇಡಂ ಕರೆದರು. ಕೊಚ್ಚಿಯ ಕುರ್ಚಿ ಚೇಚಿಗೆ. ನನಗೆ ಬೇರೆ ಕೆಲಸ: ಇಲ್ಲಿಯವರೆಗೆ ಮಾಡಿದ ಎಲ್ಲ ಪಾಠಗಳ ಹೋಲಿಕೆ ಪಟ್ಟಿಗಳನ್ನು, ನದಿ, ರಸ್ತೆ, ಬಂದರು ಎಲ್ಲವನ್ನೂ, ಒಂದೇ ಅಳತೆಯಲ್ಲಿವೆಯೇ ಅಂತ ತಿರುಗಿ ನೋಡುವುದು. ಇಂಥದ್ದು ಕಾಣುವ ಕಣ್ಣು ನಿನಗಿದೆ ಅಂದರು. ಹೊಗಳಿದ್ದೋ, ಮೂಲೆಗೆ ಕೂರಿಸಿದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ಆ ಕೆಲಸವನ್ನು ತಿರುವನಂತಪುರದಲ್ಲೇ ಕೂತು ಮಾಡಬೇಕಿತ್ತು. ಎಷ್ಟು ದಿನ ಅಂತ ಕೇಳಿದ್ದಕ್ಕೆ, ಮುಗಿಯುವವರೆಗೆ ಅಂದರು.

ಕಂಡದ್ದು ನನ್ನ ಕಣ್ಣಿಗಲ್ಲ, ಮೀನಿನ ಮುಳ್ಳು ಬಿಡಿಸುತ್ತಿದ್ದ ಮಗಳ ಕಣ್ಣಿಗೆ ಅಂತ ಅವರಿಗೆ ಹೇಳಲಿಲ್ಲ.

ಆ ಶುಕ್ರವಾರದ ಗಾಡಿ ಆಲಪ್ಪುಳದ ದಾರಿಯದ್ದು. ಅಲ್ಲಿ ಇನ್ನೂ ಕೆಲವು ಕಡೆ ಒಂಟಿ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ಒಂದು ಸಣ್ಣ ಸ್ಟೇಷನ್ನಿನಲ್ಲಿ ಬಹಳ ಹೊತ್ತು ನಿಲ್ಲಿಸಿದರು. ಮಗಳಿಗೆ ಏನು ಹೇಳಬೇಕು ಅಂತ ಅಲ್ಲಿ ಕೂತು ಯೋಚಿಸಿದೆ. ನಿಜ ಹೇಳಿದರೆ, ನಿನ್ನ ಪ್ರಶ್ನೆಯಿಂದಲೇ ಅಮ್ಮನ ಕುರ್ಚಿ ಹೋಯಿತು ಅಂತ ಆಗುತ್ತದೆ. ಹನ್ನೊಂದು ವರ್ಷದವಳಿಗೆ ಅದನ್ನು ಹೇಳುವವರು ಮನುಷ್ಯರಲ್ಲ. ಮುಂದೆ ಅವಳು ಇನ್ನೊಂದು ಪ್ರಶ್ನೆ ಕೇಳದೆ ಹೋದರೆ ಆ ಪಾಪ ಯಾರಿಗೆ?

ಶನಿವಾರ ಬೆಳಿಗ್ಗೆ ದೋಸೆ ಹಾಕುತ್ತ ಹೇಳಿದೆ, ಮುಖ ಒಲೆಯ ಕಡೆಗಿಟ್ಟುಕೊಂಡು. ಕೊಚ್ಚಿಗೆ ಇನ್ನೊಬ್ಬ ಆಂಟಿ ಬರುತ್ತಾರೆ, ಅವರ ಮನೆಯಲ್ಲಿ ವಯಸ್ಸಾದವರಿದ್ದಾರೆ, ಅಮ್ಮ ಇನ್ನೂ ಸ್ವಲ್ಪ ದಿನ ಅಲ್ಲೇ ಇರಬೇಕು. ವಯಸ್ಸಾದವರ ಮಾತು ನಾನು ಕಟ್ಟಿದ್ದು. ಅಪ್ಪ ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡಿದ. ಅವನಿಗೆ ಅರ್ಥವಾಯಿತು ಅಂತ ನನಗೆ ಗೊತ್ತಾಯಿತು. ಇನ್ನೊಂದು ದೋಸೆಗೆ ತಟ್ಟೆ ಮುಂದೆ ಮಾಡಿದ.

ಮಗಳು ದೋಸೆಯ ಕೊನೆಯ ತುಂಡು ಬಾಯಿಗಿಟ್ಟುಕೊಂಡು, "ಸಾರಮಿಲ್ಲ ಅಮ್ಮಾ" ಅಂದಳು. ಇಲ್ಲಿಯವರು ಕೈಜಾರಿ ಲೋಟ ಬಿದ್ದರೆ ಅನ್ನುವ ಮಾತು ಅದು: ಪರವಾಗಿಲ್ಲ. ಎದ್ದು ಕೈ ತೊಳೆದು ಆ ನೋಟ್‌ಬುಕ್ಕನ್ನೂ ಸ್ಕೇಲನ್ನೂ ತಂದಳು. ಬಣ್ಣ ತುಂಬಿದ ಹೂವಿನ ಪುಟವನ್ನು ತಿರುಗಿಸಿದಳು. ಅದರ ಆಚೆಯ ಪುಟಗಳೆಲ್ಲ ಖಾಲಿ. ಎಷ್ಟು ವಾರಕ್ಕೆ ಗೆರೆ ಹಾಕಲಿ ಅಂತ ಅಜ್ಜನನ್ನು ಕೇಳಿದಳು.

ಅಪ್ಪ ನನ್ನ ಕಡೆ ನೋಡಲಿಲ್ಲ. "ಪುಸ್ತಕ ಮುಗಿಯೂ ತನಕ ಹಾಕು. ಎರಡೆರಡು ಹಾಕು, ಅಪ್ ಗೆರಿ ಮಾತ್ರ ಮರೀಬ್ಯಾಡ" ಅಂದ.

ಅವಳು ನೆಲದ ಮೇಲೆ ಕೂತು ಶುರು ಮಾಡಿದಳು. ಹೊಸ ಸ್ಕೇಲು ನುಣುಪಾಗಿತ್ತು, ಒಂದು ಕೈಯಲ್ಲಿ ಹಿಡಿದರೆ ಜಾರುತ್ತಿತ್ತು. ಎರಡು ಸಲ ಗೆರೆ ಸೊಟ್ಟಗಾಯಿತು. ಒಲೆ ಆರಿಸಿ ಬಾ ಅಮ್ಮಾ, ಈ ತುದಿ ನೀನು ಹಿಡಿ ಅಂದಳು. ನಾನು ಹೋಗಿ ಎದುರಿಗೆ ಕೂತೆ. ನನಗೆ ಅಳು ಬಂದಿತ್ತು, ತಲೆ ಬಗ್ಗಿಸಿದ್ದರಿಂದ ಅವಳಿಗೆ ಕಾಣಲಿಲ್ಲ. ನಾನು ಸ್ಕೇಲನ್ನು ಅದುಮಿ ಹಿಡಿದೆ, ಅವಳು ಗೆರೆ ಎಳೆದಳು. ಒಂದು ಡೌನ್, ಒಂದು ಅಪ್. ಕೊನೆಯ ಪುಟದವರೆಗೂ ನಾನು ಹಿಡಿದೇ ಇದ್ದೆ.